ಓದುಗರ ಪ್ರಶ್ನೆ: ಎಸೆದ ಕಲ್ಲು ಎಲ್ಲಿ ಬೀಳುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು. ಪ್ರೊಜೆಕ್ಟೈಲ್ ಮೋಷನ್, ಅಂದರೆ ಎಸೆದ ವಸ್ತು ಗಾಳಿಯಲ್ಲಿ ಹೇಗೆ ಸಾಗಿ ಎಲ್ಲಿ ಬೀಳುತ್ತದೆ ಅನ್ನುವ ಲೆಕ್ಕ. ನಮ್ಮ ಕಡೆ ಸೈನ್ಸ್ ತೆಗೆದುಕೊಂಡ ಮಕ್ಕಳು ಪ್ರಥಮ ಪಿಯುಸಿಯಲ್ಲಿ ಮೊದಲು ಎಡವುವುದು ಇಲ್ಲೇ. ಎಷ್ಟೋ ಮಕ್ಕಳು ಇಲ್ಲಿ ಹೆದರಿ ಇಡೀ ಫಿಸಿಕ್ಸನ್ನೇ ಕೈಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನೇ ನೋಡೋಣ.

ಪ್ರಶ್ನೆ: ಸರ್, ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಎಲ್ಲ ಇಂಗ್ಲಿಷಿನಲ್ಲಿದೆ. ಒಂದು ಲೆಕ್ಕ ಮೂರು ಸಲ ಮಾಡಿದೆ, ಮೂರು ಸಲವೂ ತಪ್ಪು. 40 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಒಂದು ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 30 ಡಿಗ್ರಿ ಮೇಲ್ಮುಖವಾಗಿ ಎಸೆದರೆ ಕಟ್ಟಡದ ಬುಡದಿಂದ ಎಷ್ಟು ದೂರದಲ್ಲಿ ನೆಲಕ್ಕೆ ಬೀಳುತ್ತದೆ? ಜಿ (ಭೂಮಿಯ ಎಳೆತ ಪ್ರತಿ ಸೆಕೆಂಡಿಗೆ ವೇಗದಲ್ಲಿ ಮಾಡುವ ಬದಲಾವಣೆ) ಬೆಲೆ 10. ರೇಂಜ್ ಫಾರ್ಮುಲಾ (ಎಸೆದ ವಸ್ತು ಹೋಗುವ ಅಡ್ಡ ದೂರದ ಸೂತ್ರ) ಹಾಕಿದೆ, 34.6 ಬಂತು. ಉತ್ತರ 69.3 ಅಂತೆ. ನಾನು ಎಲ್ಲಿ ತಪ್ಪಿದೆ?
ಪ್ರಥಮ ಪಿಯು ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ತಂಗಿ, ನಿನ್ನ ಗುಣಾಕಾರದಲ್ಲಿ ತಪ್ಪಿಲ್ಲ. 34.6 ಕೂಡ ಸರಿಯಾದ ಉತ್ತರವೇ, ಆದರೆ ಬೇರೆ ಪ್ರಶ್ನೆಗೆ. ಅದು ಯಾವ ಪ್ರಶ್ನೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಫಾರ್ಮುಲಾ ಪಕ್ಕಕ್ಕಿಡು.

ಹಾಳೆಯ ಮೇಲೆ ಕಟ್ಟಡ ಬಿಡಿಸು. ಬಳ್ಳಾರಿ ಗುಡ್ಡ ನೋಡಿದ್ದರೆ ಅದನ್ನೇ ನೆನೆಸಿಕೊಂಡು, ಅದರ ಒಂದು ಬಂಡೆಯ ತುದಿಯಲ್ಲಿ ನೀನು ನಿಂತಿದ್ದೀಯ ಅಂದುಕೋ. ಕೈಯಿಂದ ಹೊರಟ ಕಲ್ಲು ಸ್ವಲ್ಪ ಮೇಲೇರಿ, ಬಾಗಿ, ನೀನು ನಿಂತ ಮಟ್ಟವನ್ನೂ ದಾಟಿ ಕೆಳಗೆ ಹೋಗುತ್ತದೆ. ಈ ಚಿತ್ರ ಕಣ್ಣ ಮುಂದೆ ಬಾರದೆ ಪೆನ್ನು ಮುಂದಕ್ಕೆ ಓಡಿಸಬೇಡ.

ಈಗ ಆ 20ನ್ನು ಎರಡು ಪಾಲು ಮಾಡು. 20ಕ್ಕೆ ಕಾಸ್ 30 ಗುಣಿಸಿದರೆ 17.32, ಇದು ಅಡ್ಡ ವೇಗ. 20ಕ್ಕೆ ಸೈನ್ 30 ಗುಣಿಸಿದರೆ 10, ಇದು ಮೇಲಕ್ಕೆ ಹೋಗುವ ವೇಗ. ಹಾಳೆಯ ನಡುವೆ ಒಂದು ಗೆರೆ ಎಳೆದು ಎಡಕ್ಕೆ ಅಡ್ಡ ಲೆಕ್ಕ, ಬಲಕ್ಕೆ ಮೇಲೆ-ಕೆಳಗಿನ ಲೆಕ್ಕ ಅಂತ ಬರೆ. ಕಿರಾಣಿ ಅಂಗಡಿಯಲ್ಲಿ ಒಬ್ಬೊಬ್ಬ ಗಿರಾಕಿಯ ಉದ್ರಿ ಒಂದೊಂದು ಪುಟದಲ್ಲಿ ಇರುತ್ತದಲ್ಲ, ಹಾಗೆ. ಒಬ್ಬರ ಬಾಕಿ ಇನ್ನೊಬ್ಬರ ಪುಟಕ್ಕೆ ಹೋಗಬಾರದು.

ಎಡಪುಟದಲ್ಲಿ ಏನೂ ನಡೆಯುವುದಿಲ್ಲ. ಗಾಳಿಯನ್ನು ಬಿಟ್ಟರೆ ಕಲ್ಲನ್ನು ಅಡ್ಡಕ್ಕೆ ತಳ್ಳುವುದು, ತಡೆಯುವುದು ಯಾವುದೂ ಇಲ್ಲ, ಆ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಪುಸ್ತಕವೇ ಹೇಳಿರುತ್ತದೆ. ಹಾಗಾಗಿ 17.32 ನೆಲ ಮುಟ್ಟುವ ತನಕ 17.32 ಆಗಿಯೇ ಇರುತ್ತದೆ. ಬಲಪುಟದಲ್ಲಿ ಭೂಮಿ ಇದೆ. ಕಲ್ಲು ಏರುತ್ತಿರಲಿ, ಇಳಿಯುತ್ತಿರಲಿ, ಭೂಮಿ ಅದರ ಮೇಲ್ಮುಖ ವೇಗದಿಂದ ಪ್ರತಿ ಸೆಕೆಂಡಿಗೆ 10 ಕಳೆಯುತ್ತಲೇ ಇರುತ್ತದೆ. ಈ ಎರಡು ಪುಟಗಳಿಗೆ ಸೇರಿ ಇರುವುದು ಒಂದೇ ಒಂದು ಸಂಗತಿ, ಅದು ಸಮಯ. ಎಡಕ್ಕೂ ಬಲಕ್ಕೂ ಒಂದೇ ಗಡಿಯಾರ ಓಡುತ್ತದೆ. ಸಮಯವನ್ನು ಬಲಪುಟದಲ್ಲಿ ಹುಡುಕಿ ಎಡಪುಟಕ್ಕೆ ಒಯ್ಯುವುದು, ಇಂಥ ಲೆಕ್ಕಗಳಲ್ಲಿ ಬಹುಪಾಲಿಗೆ ಇಷ್ಟೇ ಕೆಲಸ.

ಮಾಡಿ ನೋಡೋಣ. ಮೇಲ್ಮುಖ ವೇಗ 10. ಒಂದು ಸೆಕೆಂಡಿನಲ್ಲಿ ಭೂಮಿ ಅದನ್ನು ಸೊನ್ನೆ ಮಾಡುತ್ತದೆ. ಅಷ್ಟರಲ್ಲಿ ಕಲ್ಲು 5 ಮೀಟರ್ ಏರಿರುತ್ತದೆ, ಯಾಕೆಂದರೆ 10ರಿಂದ 0ಗೆ ಇಳಿದ ವೇಗದ ಸರಾಸರಿ 5. ಈಗ ಅದು ನೆಲದಿಂದ 45 ಮೀಟರ್ ಮೇಲಿದೆ. ಅಲ್ಲಿಂದ ಬೀಳುವಾಗ ದೂರ ಅಂದರೆ 5 (ಜಿಯ ಅರ್ಧ) ಗುಣಿಸು ಸಮಯದ ವರ್ಗ. 45 ಆಗಬೇಕಾದರೆ ವರ್ಗ 9, ಸಮಯ 3 ಸೆಕೆಂಡು. ಏರಲು 1, ಇಳಿಯಲು 3, ಒಟ್ಟು 4. ಇದನ್ನು ಎಡಪುಟಕ್ಕೆ ಒಯ್ಯಿ. 17.32 × 4 = 69.3. ಬಂತಲ್ವಾ?

ಒಂದೇ ಸಮೀಕರಣದಲ್ಲೂ ಮಾಡಬಹುದು. ಹೊರಟ ಜಾಗ ಸೊನ್ನೆ, ಮೇಲೆ ಪ್ಲಸ್, ಕೆಳಗೆ ಮೈನಸ್ ಅಂತ ಮೊದಲೇ ಬರೆದುಕೊಂಡರೆ ನೆಲ ಇರುವುದು −40ರಲ್ಲಿ. ಆಗ −40 = 10 × ಸಮಯ − 5 × ಸಮಯದ ವರ್ಗ. ಇದನ್ನು ಬಿಡಿಸಿದರೆ ಸಮಯಕ್ಕೆ ಎರಡು ಬೆಲೆ ಬರುತ್ತವೆ, 4 ಮತ್ತು −2. ಎಲ್ಲರೂ ಆ −2ನ್ನು ಸುಮ್ನೆ ಹೊಡೆದುಹಾಕಿ ಮುಂದೆ ಹೋಗುತ್ತಾರೆ. ಒಂದು ನಿಮಿಷ ನಿಂತು ಅದನ್ನು ನೋಡು. ಇದೇ ದಾರಿಯಲ್ಲಿ ಬರುವ ಕಲ್ಲನ್ನು ಯಾರಾದರೂ ನೆಲದಿಂದಲೇ ಎಸೆದಿದ್ದರೆ, ನಿನ್ನ ಗಡಿಯಾರ ಶುರುವಾಗುವ 2 ಸೆಕೆಂಡು ಮೊದಲೇ ಎಸೆದಿರಬೇಕಿತ್ತು ಅಂತ ಅದು ಹೇಳುತ್ತಿದೆ. ತುದಿ, ಅಂದರೆ ಕಲ್ಲು ಅತಿ ಎತ್ತರದಲ್ಲಿರುವ ಜಾಗ, ಇರುವುದು 1ನೇ ಸೆಕೆಂಡಿನಲ್ಲಿ. ಅಲ್ಲಿಂದ 3 ಮುಂದೆ ಹೋದರೆ 4, 3 ಹಿಂದೆ ಹೋದರೆ −2. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡು! ನನಗೆ ಇಷ್ಟು ವರ್ಷ ಆದಮೇಲೂ ಇದನ್ನು ಬೋರ್ಡಿನ ಮೇಲೆ ತೋರಿಸುವಾಗ ಖುಷಿಯಾಗುತ್ತದೆ.

ಇನ್ನು ನಿನ್ನ 34.6. ರೇಂಜ್ ಫಾರ್ಮುಲಾದ ಹಿಂದೆ ಒಂದು ಷರತ್ತಿದೆ. ಹೊರಟ ಮಟ್ಟ, ಬಿದ್ದ ಮಟ್ಟ ಎರಡೂ ಒಂದೇ ಇರಬೇಕು. ನೀನು ಕಂಡುಹಿಡಿದದ್ದು ಕಲ್ಲು ಮತ್ತೆ ಕಟ್ಟಡದ ಮೇಲ್ಭಾಗದ ಮಟ್ಟಕ್ಕೆ ಬಂದಾಗ ಎಷ್ಟು ದೂರದಲ್ಲಿತ್ತು ಅಂತ. ಆಗ 2 ಸೆಕೆಂಡು ಆಗಿತ್ತು, 17.32 × 2 = 34.6. ಕಲ್ಲು ಇನ್ನೂ ಗಾಳಿಯಲ್ಲೇ ಇತ್ತು, ನೆಲ 40 ಮೀಟರ್ ಕೆಳಗಿತ್ತು.

ಭಾಷೆಯ ವಿಷಯ ಬರೆದಿದ್ದೀಯಲ್ಲ, ಅದನ್ನೂ ಹೇಳಬೇಕು. ಈ ಲೆಕ್ಕಗಳಲ್ಲಿ ಕೆಲವು ಇಂಗ್ಲಿಷ್ ಪದಗಳೊಳಗೆ ಅಂಕಿಗಳು ಅಡಗಿರುತ್ತವೆ. 'ಹಾರಿಜಾಂಟಲಿ' ಎಸೆದರು ಅಂದರೆ ಶುರುವಿನ ಮೇಲ್ಮುಖ ವೇಗ ಸೊನ್ನೆ. 'ಜಸ್ಟ್ ಕ್ಲಿಯರ್ಸ್ ದಿ ವಾಲ್' ಅಂದರೆ ಗೋಡೆ ಇರುವ ದೂರದಲ್ಲಿ ಕಲ್ಲಿನ ಎತ್ತರ ಗೋಡೆಯ ಎತ್ತರದಷ್ಟೇ. ಹಾರುತ್ತಿರುವ ವಿಮಾನದಿಂದ 'ಡ್ರಾಪ್ಡ್' ಅಂದರೆ ಆ ವಸ್ತುವಿನ ವೇಗ ಸೊನ್ನೆ ಅಲ್ಲ, ವಿಮಾನದ ವೇಗವೇ ಅದಕ್ಕೂ ಇರುತ್ತದೆ. ಪ್ರಶ್ನೆ ಓದಿ ಅದನ್ನು ನಿನ್ನದೇ ಕನ್ನಡದಲ್ಲಿ ಎರಡು ಸಾಲು ಬರೆದುಕೊಂಡು ಆಮೇಲೆ ಬಿಡಿಸು. ಮನೆಯಲ್ಲಿ ಅಭ್ಯಾಸ ಮಾಡುವಾಗ ಕನ್ನಡದಲ್ಲಿ ಬರೆಯಬೇಡ ಅನ್ನುವವರು ಯಾರೂ ಇಲ್ಲ.

ಪ್ರಶ್ನೆ: ತುದಿಯಲ್ಲಿ ಕಲ್ಲಿನ ವೇಗ ಸೊನ್ನೆ ಅಂತ ನನ್ನ ಗೆಳೆಯ, ಅಲ್ಲ ಅಂತ ನಾನು. ಇಬ್ಬರಿಗೂ ಜಗಳ ಆಗಿದೆ. ತೀರ್ಪು ಕೊಡಿ ಸರ್.
ಪಿಯು ವಿದ್ಯಾರ್ಥಿ, ಸಿರುಗುಪ್ಪ

ಉತ್ತರ: ನೇರ ಮೇಲಕ್ಕೆ ಎಸೆದಿದ್ದರೆ ಗೆಳೆಯ ಗೆದ್ದ. ಓರೆಯಾಗಿ ಎಸೆದಿದ್ದರೆ ನೀನು ಗೆದ್ದೆ. ತುದಿಯಲ್ಲಿ ಸೊನ್ನೆ ಆಗುವುದು ಮೇಲ್ಮುಖ ವೇಗ ಮಾತ್ರ. ಅಡ್ಡ ವೇಗ ಹಾಗೇ ಇರುತ್ತದೆ, ಇಲ್ಲದಿದ್ದರೆ ಕಲ್ಲು ಅಲ್ಲಿಂದ ನೆಟ್ಟಗೆ ಕೆಳಗೆ ಬೀಳಬೇಕಿತ್ತಲ್ಲ.

ಇಬ್ಬರೂ ರಾಯಚೂರಿನಿಂದ ಸಿಂಧನೂರು ಮೇಲೆ ನಿಮ್ಮೂರಿಗೆ ಬರುವ ಬಸ್ಸು ಹತ್ತಿ. ಬಸ್ಸು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಒಂದೇ ಸಮ ಹೋಗುತ್ತಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 15 ಮೀಟರ್. ಸೀಟಿನಲ್ಲಿ ಕೂತು ಒಂದು ನಾಣ್ಯವನ್ನು ಮೊಳದಷ್ಟು, ಸುಮಾರು 45 ಸೆಂಟಿಮೀಟರ್ ಮೇಲಕ್ಕೆ ಚಿಮ್ಮಿಸಿ. ಏರಲು 0.3 ಸೆಕೆಂಡು, ಇಳಿಯಲು 0.3. ನಾಣ್ಯ ನೆಟ್ಟಗೆ ಹೋಗಿ ನೆಟ್ಟಗೆ ನಿಮ್ಮ ಕೈಗೇ ಬೀಳುತ್ತದೆ. ಆದರೆ ಆ 0.6 ಸೆಕೆಂಡಿನಲ್ಲಿ ಬಸ್ಸು 9 ಮೀಟರ್ ಮುಂದೆ ಹೋಗಿದೆ. ರಸ್ತೆಯ ಪಕ್ಕದ ಭತ್ತದ ಗದ್ದೆಯಲ್ಲಿ ನಿಂತವರಿಗೆ ಕಿಟಕಿಯೊಳಗಿನ ನಾಣ್ಯ ಕಂಡಿದ್ದರೆ, ಅದು ಕಮಾನಿನ ಹಾಗೆ ಬಾಗಿ 9 ಮೀಟರ್ ಆಚೆ ಬಿದ್ದಂತೆ ಕಾಣುತ್ತಿತ್ತು. ತುದಿಯಲ್ಲಿ ನಿಮಗೆ ನಾಣ್ಯ ನಿಂತಂತೆ ಕಂಡ ಕ್ಷಣದಲ್ಲೂ ಗದ್ದೆಯವರಿಗೆ ಅದು ಸೆಕೆಂಡಿಗೆ 15 ಮೀಟರ್ ಓಡುತ್ತಲೇ ಇತ್ತು.

ಇನ್ನೊಂದು ಮಾತು. ತುದಿಯಲ್ಲಿ ವೇಗ ಏನೇ ಇರಲಿ, ಭೂಮಿಯ ಎಳೆತ ಒಂದು ಕ್ಷಣವೂ ನಿಲ್ಲುವುದಿಲ್ಲ. ಅಲ್ಲೂ ವೇಗೋತ್ಕರ್ಷ (ವೇಗ ಬದಲಾಗುವ ದರ) ಕೆಳಮುಖವಾಗಿ 9.8, ಲೆಕ್ಕ ಸುಲಭವಾಗಲಿ ಅಂತ ಮೇಲೆ 10 ಅಂತ ಹಿಡಿದದ್ದು ಇದನ್ನೇ. ಪರೀಕ್ಷೆಯಲ್ಲಿ ಇದನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ.

ಪ್ರಶ್ನೆ: ನಾನು ರೈತ. ಸಜ್ಜೆ, ಜೋಳ ತೆನೆ ಕಟ್ಟಿದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದವನು. ಕಾಲೇಜಿಗೆ ಹೋಗುವ ಮಗ 45 ಡಿಗ್ರಿಗೆ ಬೀಸಿದರೆ ಕಲ್ಲು ಎಲ್ಲಕ್ಕಿಂತ ದೂರ ಹೋಗುತ್ತದೆ ಅನ್ನುತ್ತಾನೆ. ನನ್ನ ಕೈ ಹೇಳುವುದು ಬೇರೆ. ಸ್ವಲ್ಪ ತಗ್ಗಿಸಿ ಬೀಸಿದರೇ ದೂರ ಹೋಗುತ್ತದೆ. ಯಾರ ಮಾತು ನಿಜ?
ಕುಷ್ಟಗಿ ತಾಲ್ಲೂಕಿನ ಓದುಗರು

ಉತ್ತರ: ಅಣ್ಣನವರೇ, ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದು. ಮಗ ಹೇಳಿದ್ದು ಪುಸ್ತಕದ ಪ್ರಕಾರ ಸರಿ. ನಿಮ್ಮ ಕೈ ಹೇಳಿದ್ದು ಹೊಲದ ಪ್ರಕಾರ ಸರಿ.

45 ಡಿಗ್ರಿ ಅನ್ನುವುದು ನೆಲದಿಂದ ಎಸೆದು ಅದೇ ಮಟ್ಟದ ನೆಲಕ್ಕೆ ಬೀಳುವಾಗ, ಅದೂ ಗಾಳಿಯ ತಡೆ ಇಲ್ಲದಿದ್ದಾಗ. ನೀವು ನಿಂತದ್ದು ಅಟ್ಟದ ಮೇಲೆ. ಎತ್ತರದಿಂದ ಎಸೆದರೆ ಇಳಿಯಲು ಹೆಚ್ಚು ಸಮಯ ತಾನಾಗಿಯೇ ಸಿಗುತ್ತದೆ. ಹಾಗಾಗಿ ವೇಗದಲ್ಲಿ ಸ್ವಲ್ಪ ಪಾಲನ್ನು ಮೇಲಕ್ಕೆ ಖರ್ಚು ಮಾಡುವ ಬದಲು ಅಡ್ಡಕ್ಕೆ ಹಾಕಿದರೆ ಲಾಭ. ಆದರೆ ನಿಜ ಹೇಳಬೇಕು, ಕಲ್ಲು 3 ಮೀಟರ್ ಎತ್ತರದಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿತು ಅಂದರೆ ಈ ಕಾರಣದಿಂದ ಕೋನ ಇಳಿಯುವುದು 43 ಡಿಗ್ರಿಗೆ ಮಾತ್ರ, ದೂರದಲ್ಲಿ ಸಿಗುವ ಲಾಭ ಸುಮಾರು 10 ಸೆಂಟಿಮೀಟರ್. ಅಷ್ಟು ವ್ಯತ್ಯಾಸ ಯಾರ ಕೈಗೂ ಗೊತ್ತಾಗುವುದಿಲ್ಲ. ಎತ್ತರ ಜಾಸ್ತಿ ಆದರೆ ಮಾತು ಬೇರೆ. ಮೇಲೆ ಸಿಂಧನೂರಿನ ಹುಡುಗಿ ಕೇಳಿದ 40 ಮೀಟರ್ ಕಟ್ಟಡದ ಲೆಕ್ಕ ನೋಡಿ. ಅಲ್ಲಿ 45 ಡಿಗ್ರಿಗೆ ಎಸೆದರೆ ಕಲ್ಲು 64.7 ಮೀಟರ್ ಹೋಗುತ್ತದೆ, 30ಕ್ಕೆ ಎಸೆದರೆ 69.3. ಅಷ್ಟು ಎತ್ತರ, ಅಷ್ಟು ವೇಗಕ್ಕೆ ಎಲ್ಲಕ್ಕಿಂತ ದೂರ ಹೋಗುವ ಕೋನ 30 ಡಿಗ್ರಿಯೇ.

ಹಾಗಾದರೆ ನಿಮ್ಮ ಕೈಗೆ ತಿಳಿದದ್ದು ಎಲ್ಲಿಂದ? ನನ್ನ ಪ್ರಕಾರ ಎರಡು ಕಡೆಯಿಂದ. ಒಂದು ಗಾಳಿ. ಕಲ್ಲಿನ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಕವಣೆಯ ಕಲ್ಲು ಕೈಯಲ್ಲಿ ಎಸೆದದ್ದಕ್ಕಿಂತ ಜೋರಾಗಿ ಹೋಗುತ್ತದೆ, ತಡೆಯೂ ಜಾಸ್ತಿ. ತುಂಬಾ ಹೊತ್ತು ಗಾಳಿಯಲ್ಲಿ ಇದ್ದಷ್ಟೂ ನಷ್ಟ, ಹಾಗಾಗಿ ದೂರದ ಕೋನ 45ಕ್ಕಿಂತ ಕೆಳಗಿಳಿಯುತ್ತದೆ. ಎರಡನೆಯದು ಮೈ. ನಮ್ಮ ತೋಳು, ಭುಜ ಎಲ್ಲ ಕೋನದಲ್ಲೂ ಒಂದೇ ಬಲ ಕೊಡುವುದಿಲ್ಲ, ತಗ್ಗಿಸಿ ಬೀಸುವಾಗ ಕೊಡುವ ವೇಗವೇ ಹೆಚ್ಚು. ಕ್ರೀಡಾಕೂಟದಲ್ಲಿ ಗುಂಡು ಎಸೆಯುವವರೂ 45ಕ್ಕಿಂತ ಕಡಿಮೆ ಕೋನದಲ್ಲೇ ಎಸೆಯುತ್ತಾರೆ. ಹಕ್ಕಿ ಓಡಿಸಲು ದೂರ ಮಾತ್ರ ಸಾಲದು, ಬೇಗ ಮುಟ್ಟುವುದೂ ಮುಖ್ಯ ಅಲ್ವಾ. ಅದೇ ಅಟ್ಟದಿಂದ ನೇರ ಅಡ್ಡಕ್ಕೆ ಬೀಸಿದರೆ ಕಲ್ಲು 0.8 ಸೆಕೆಂಡಿನೊಳಗೆ 15 ಮೀಟರ್ ಆಚೆ ಬಿದ್ದಿರುತ್ತದೆ. 45 ಡಿಗ್ರಿಗೆ ಬೀಸಿದ್ದು 3 ಸೆಕೆಂಡು ಮೇಲೇ ಸುತ್ತುತ್ತಿರುತ್ತದೆ, ಅಷ್ಟರಲ್ಲಿ ಹಕ್ಕಿ ನಾಲ್ಕು ಕಾಳು ಹೆಚ್ಚಿಗೆ ತಿಂದಿರುತ್ತದೆ.

ಗಾಳಿಯ ತಡೆ ಯಾವಾಗ ಬಿಡಬಹುದು, ಯಾವಾಗ ಬಿಡಬಾರದು ಅನ್ನುವುದನ್ನು ಮಗನಿಗೆ ನೀವೇ ಕಲಿಸಬಹುದು. ಕಣದಲ್ಲಿ ರಾಶಿ ತೂರುವುದನ್ನು ತೋರಿಸಿ. ಮೊರದಿಂದ ಸುರಿದ ಕಾಳು ಹೆಚ್ಚುಕಡಿಮೆ ಪುಸ್ತಕದ ಲೆಕ್ಕದಂತೆ ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಹೋಗಿಬಿಡುತ್ತದೆ. ಪುಸ್ತಕದ ಲೆಕ್ಕ ಕಾಳಿಗೆ ನಡೆಯುತ್ತದೆ, ಹೊಟ್ಟಿಗೆ ನಡೆಯುವುದಿಲ್ಲ. ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಯಾವ ಇಂಗ್ಲಿಷ್ ಪುಸ್ತಕದಲ್ಲೂ ನೋಡಿಲ್ಲ.

ಕೈಗೆ ಮೊದಲು ಗೊತ್ತಾಗಿ ಲೆಕ್ಕ ಆಮೇಲೆ ಬಂದದ್ದು ನಿಮ್ಮ ಹೊಲದಲ್ಲಿ ಮಾತ್ರ ಅಲ್ಲ. ಕೃಷ್ಣದೇವರಾಯ ಆದಿಲ್ ಶಾಹಿಯವರ ಜೊತೆ ರಾಯಚೂರಿಗಾಗಿ ಕಾದಿದ್ದು 1520ರಲ್ಲಿ, ಆ ಯುದ್ಧದಲ್ಲಿ ಫಿರಂಗಿಗಳಿದ್ದವು. 45 ಡಿಗ್ರಿಗೆ ಗುಂಡು ಎಲ್ಲಕ್ಕಿಂತ ದೂರ ಹೋಗುತ್ತದೆ ಅಂತ ಇಟಲಿಯ ಗಣಿತಜ್ಞ ಟಾರ್ಟಾಲಿಯಾ ಅಚ್ಚು ಹಾಕಿಸಿದ್ದು 1537ರಲ್ಲಿ. ಎಸೆದ ವಸ್ತುವಿನ ದಾರಿ ಪ್ಯಾರಾಬೋಲಾ (ಕಮಾನಿನ ಹಾಗೆ ಬಾಗಿದ ಒಂದು ಗೆರೆ) ಅಂತ ಗೆಲಿಲಿಯೋ ತನ್ನ ಪುಸ್ತಕದಲ್ಲಿ ತೋರಿಸಿದ್ದು 1638ರಲ್ಲಿ, ಅಂದರೆ ರಾಯಚೂರಿನ ಫಿರಂಗಿಗಳು ಹಾರಿ 118 ವರ್ಷ ಕಳೆದ ಮೇಲೆ.

ಪ್ರಶ್ನೆ: ಸಿಇಟಿ ಫಿಸಿಕ್ಸ್‌ನಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಎರಡು ಪುಟ ಮಾಡುತ್ತಾ ಕೂತರೆ ಸಮಯ ಎಲ್ಲಿ ಸಾಲುತ್ತದೆ? ಫಾರ್ಮುಲಾ ಬಾಯಿಪಾಠ ಮಾಡಬಾರದೇ? ಜಿ 9.8 ಹಾಕಬೇಕೋ 10 ಹಾಕಬೇಕೋ?
ದ್ವಿತೀಯ ಪಿಯು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಜಿ ಎಷ್ಟು ಅಂತ ಪ್ರಶ್ನೆಯಲ್ಲಿ ಕೊಟ್ಟಿದ್ದರೆ ಅದೇ. ಕೊಡದಿದ್ದರೆ 10 ಹಾಕಿ ಹತ್ತಿರದ ಆಯ್ಕೆ ನೋಡು, ಎರಡು ಆಯ್ಕೆ ತೀರಾ ಹತ್ತಿರ ಇದ್ದರೆ ಮಾತ್ರ 9.8ಕ್ಕೆ ಹೋಗು.

ಬಾಯಿಪಾಠ ಮಾಡಬೇಡ ಅನ್ನುವುದಿಲ್ಲ. ಒಂದು ಪ್ರಶ್ನೆಗೆ ನಿನಗೆ ಸಿಗುವುದು 80 ಸೆಕೆಂಡು. ಆದರೆ ಸೈನ್ ಟೂ ಥೀಟಾ (ಥೀಟಾ ಅಂದರೆ ಎಸೆದ ಕೋನ) ಇರುವ ರೇಂಜ್ ಫಾರ್ಮುಲಾಕ್ಕಿಂತ ಹಗುರವಾದದ್ದು ಇದೆ. ಜಿ 10 ಇದ್ದು, ಹೊರಟ ಮಟ್ಟಕ್ಕೇ ಬೀಳುವಾಗ ಗಾಳಿಯಲ್ಲಿ ಇರುವ ಸಮಯ ಅಂದರೆ ಮೇಲ್ಮುಖ ವೇಗ ಭಾಗಿಸು 5. ಎತ್ತರ ಅಂದರೆ ಮೇಲ್ಮುಖ ವೇಗದ ವರ್ಗ ಭಾಗಿಸು 20. ದೂರ ಅಂದರೆ ಅಡ್ಡ ವೇಗ ಗುಣಿಸು ಮೇಲ್ಮುಖ ವೇಗ, ಭಾಗಿಸು 5. ಇದು ಬೇರೇನೂ ಅಲ್ಲ, ಅದೇ ಎರಡು ಪುಟವನ್ನು ಮನಸ್ಸಿನಲ್ಲೇ ಮಾಡುವುದು.

ಅಡ್ಡ ವೇಗ 15, ಮೇಲ್ಮುಖ ವೇಗ 20 ಇದ್ದರೆ ಸಮಯ 4, ಎತ್ತರ 20, ದೂರ 60. ಈಗ ಎರಡನ್ನೂ ಅದಲು ಬದಲು ಮಾಡು. ಅಡ್ಡ 20, ಮೇಲ್ಮುಖ 15. ಸಮಯ 3, ಎತ್ತರ 11.25, ದೂರ ಮತ್ತೆ 60. 30 ಡಿಗ್ರಿಗೂ 60 ಡಿಗ್ರಿಗೂ ದೂರ ಒಂದೇ ಬರುತ್ತದೆ ಅಂತ ಓದಿದ್ದೀಯಲ್ಲ, ಅದರ ಗುಟ್ಟು ಇಷ್ಟೇ. ಕೋನ ಬದಲಾದಾಗ ಪಾಲುಗಳು ಜಾಗ ಬದಲಿಸುತ್ತವೆ, ಗುಣಲಬ್ಧ ಬದಲಾಗುವುದಿಲ್ಲ. ಒಂದು ಕಲ್ಲು ಹೆಚ್ಚು ಹೊತ್ತು ಇದ್ದು ಮೆಲ್ಲಗೆ ಸಾಗುತ್ತದೆ, ಇನ್ನೊಂದು ಕಡಿಮೆ ಹೊತ್ತಿನಲ್ಲಿ ಜೋರಾಗಿ ಸಾಗುತ್ತದೆ.

ಎತ್ತರ, ದೂರ ಎರಡನ್ನೂ ಕೊಟ್ಟು ಕೋನ ಕೇಳಿದರೆ ನಾಲ್ಕು ಪಟ್ಟು ಎತ್ತರವನ್ನು ದೂರದಿಂದ ಭಾಗಿಸು, ಬರುವುದು ಟ್ಯಾನ್ ಥೀಟಾ. ಮೇಲಿನ ಮೊದಲ ಉದಾಹರಣೆಯಲ್ಲಿ 80 ಭಾಗಿಸು 60, ಅಂದರೆ 4/3. ವೇಗಗಳಿಂದ ನೋಡಿದರೂ 20/15, ಅದೇ 4/3.

ಮಟ್ಟ ಬದಲಾದ ತಕ್ಷಣ ಈ ಚುಟುಕು ದಾರಿಗಳನ್ನು ಬಿಟ್ಟುಬಿಡು. ಸಂಡೂರಿನ ಕಡೆ ಗಣಿಗಳಲ್ಲಿ ಅದಿರು ಸಾಗಿಸುವ ಕನ್ವೇಯರ್ ಬೆಲ್ಟ್ ನೋಡಿರಬಹುದು. ಬೆಲ್ಟ್ ಅಡ್ಡಕ್ಕೆ ಸೆಕೆಂಡಿಗೆ 3 ಮೀಟರ್ ಓಡುತ್ತಿದೆ, ತುದಿ ನೆಲದಿಂದ 5 ಮೀಟರ್ ಮೇಲಿದೆ ಅಂದರೆ ಅದಿರು ಎಲ್ಲಿ ಬೀಳುತ್ತದೆ? ಮೇಲ್ಮುಖ ವೇಗ ಸೊನ್ನೆ. 5 ಮೀಟರ್ ಬೀಳಲು 1 ಸೆಕೆಂಡು, ದೂರ 3 ಮೀಟರ್. ಹತ್ತು ಸೆಕೆಂಡಿನ ಲೆಕ್ಕ. ಇದಕ್ಕೂ ರೇಂಜ್ ಫಾರ್ಮುಲಾ ಹಾಕಿ ಸೊನ್ನೆ ಅಂತ ಬರೆದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಲ್ಯಾಬ್ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮಕ್ಕಳು ಪಿಯುಗೆ ಹೋಗುವ ಮೊದಲೇ ಇದನ್ನು ಕಣ್ಣಿಗೆ ತೋರಿಸುವ ದಾರಿ ಇದೆಯೇ?
ವಿಜ್ಞಾನ ಶಿಕ್ಷಕಿ, ಯಲಬುರ್ಗಾ ತಾಲ್ಲೂಕು

ಉತ್ತರ: ಇದೆ ಮೇಡಂ, ಎರಡು ನಾಣ್ಯ, ಒಂದು ಸ್ಕೇಲ್, ಒಂದು ನೀರಿನ ಪೈಪ್ ಸಾಕು. ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಫಾರ್ಮುಲಾ ಬರೆದು ಆಮೇಲೆ ವಿವರಿಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ನಂಬುತ್ತಿರಲಿಲ್ಲ. ಮೊದಲು ತೋರಿಸಲು ಶುರು ಮಾಡಿದ ಮೇಲೆ ಪ್ರಶ್ನೆಗಳು ಅವರ ಕಡೆಯಿಂದಲೇ ಬರತೊಡಗಿದವು.

ಸ್ಕೇಲನ್ನು ಟೇಬಲ್ ಅಂಚಿನ ಹತ್ತಿರ ಓರೆಯಾಗಿ ಇಡಿ, ಒಂದು ತುದಿ ಹೊರಗೆ ಚಾಚಿರಲಿ. ಆ ತುದಿಯ ಮೇಲೆ ಒಂದು ನಾಣ್ಯ. ಒಳಗಿನ ತುದಿಗೂ ಟೇಬಲ್ ಅಂಚಿಗೂ ನಡುವೆ ಇನ್ನೊಂದು ನಾಣ್ಯ. ಸ್ಕೇಲಿನ ನಡುಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು, ಒಳತುದಿಯನ್ನು ಅಂಚಿನ ಕಡೆಗೆ ಚಟ್ ಅಂತ ಹೊಡೆಯಿರಿ. ಒಂದು ನಾಣ್ಯ ಸ್ಕೇಲಿನಿಂದ ಜಾರಿ ನೆಟ್ಟಗೆ ಬೀಳುತ್ತದೆ, ಇನ್ನೊಂದು ದೂರಕ್ಕೆ ಚಿಮ್ಮುತ್ತದೆ. ಮಕ್ಕಳಿಗೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳಲು ಹೇಳಿ. ನೆಲಕ್ಕೆ ಬಿದ್ದ ಸದ್ದು ಒಂದೇ ಕೇಳುತ್ತದೆ. ದೂರ ಹೋದದ್ದಕ್ಕೆ ಬೀಳಲು ಹೆಚ್ಚು ಸಮಯ ಬೇಕು ಅಂತ ನಂಬಿಕೊಂಡಿದ್ದ ಮಕ್ಕಳು ಮತ್ತೊಮ್ಮೆ ಮಾಡಿ ಅಂತ ಕೇಳುತ್ತಾರೆ, ಮಾಡಿ ತೋರಿಸಿ. ಟೇಬಲ್ ಎತ್ತರ 80 ಸೆಂಟಿಮೀಟರ್ ಇದ್ದರೆ ಬೀಳುವ ಸಮಯ 0.4 ಸೆಕೆಂಡು. ಚಿಮ್ಮಿದ ನಾಣ್ಯ 1.2 ಮೀಟರ್ ದೂರ ಬಿದ್ದಿದ್ದರೆ ಅದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೊರಟಿತ್ತು ಅಂತ ಬರೀ ಟೇಪು ಹಿಡಿದು ಹೇಳಬಹುದು. ಮೊಬೈಲಿನಲ್ಲಿ ಸ್ಲೋ ಮೋಷನ್ ಇದ್ದರೆ ವಿಡಿಯೋ ಮಾಡಿ ನಿಲ್ಲಿಸಿ ನಿಲ್ಲಿಸಿ ತೋರಿಸಿ, ಎರಡೂ ನಾಣ್ಯಗಳು ಪ್ರತಿ ಕ್ಷಣವೂ ಒಂದೇ ಎತ್ತರದಲ್ಲಿರುತ್ತವೆ.

ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋಗಿ. ಗಿಡಕ್ಕೆ ನೀರು ಹಾಕುವ ಪೈಪು, ಕೋನ ನೋಡಲು ಜಾಮಿಟ್ರಿ ಬಾಕ್ಸಿನ ಕೋನಮಾಪಕ. ನಲ್ಲಿಯನ್ನು ಒಂದೇ ಮಟ್ಟಕ್ಕೆ ತಿರುಗಿಸಿ ಬಿಟ್ಟು 30, 45, 60 ಡಿಗ್ರಿಗೆ ಹಿಡಿದು, ನೀರು ಬಿದ್ದ ಜಾಗಕ್ಕೆ ಒಂದೊಂದು ಕಲ್ಲು ಇಡಿಸಿ. 45ರ ಕಲ್ಲು ಮುಂದೆ ಇರುತ್ತದೆ, 30 ಮತ್ತು 60ರ ಕಲ್ಲುಗಳು ಹತ್ತಿರ ಹತ್ತಿರ ಬರುತ್ತವೆ. ಬೇಸಿಗೆಯಲ್ಲಿ ನೀರಿನ ತೊಂದರೆ ನಮ್ಮ ಕಡೆ ಗೊತ್ತಿರುವುದೇ, ಹಾಗಾಗಿ ಗಿಡಗಳ ಪಾತಿಯ ಕಡೆಗೇ ಮುಖ ಮಾಡಿ ಹಿಡಿಯಿರಿ, ನೀರು ದಂಡವಾಗುವುದಿಲ್ಲ. ಪೈಪಿನ ಬಾಯಿ ಮಾತ್ರ ನೆಲಕ್ಕೆ ತಾಗಿರಲಿ. ಸೊಂಟದ ಎತ್ತರದಲ್ಲಿ ಹಿಡಿದರೆ 30ರ ಕಲ್ಲು 60ರದ್ದಕ್ಕಿಂತ ಮುಂದೆ ಹೋಗುತ್ತದೆ. ಯಾಕೆ ಹಾಗಾಯಿತು ಅಂತ ಯಾವುದಾದರೂ ಮಗು ಕೇಳಿದರೆ, ಸಿಂಧನೂರಿನ ಹುಡುಗಿಯ ಲೆಕ್ಕವನ್ನು ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬಿಡಿಸಿ ತೋರಿಸಿ.